ಹೃದಯದ ಕವಾಟ ಮತ್ತು ಕ್ಷಮೆ

‘ಸ್ವಾಮಿ, ಮೈದುನನನ್ನು ಕ್ಷಮಿಸಿದ್ದೇನೆ. ಆದರೂ ಪಾಲಿನ ದಿನ ಅವನಾಡಿದ ಮಾತು ನೆನಪಾದರೆ ಎದೆ ಉರಿಯುತ್ತದೆ. ಹಾಗಾದರೆ ನನ್ನ ಕ್ಷಮೆ ಸುಳ್ಳೇ?’ ಚಾಮರಾಜಪೇಟೆ, ಮಲ್ಲೇಶ್ವರದ ಹಳೆಯ ಮನೆಗಳು ಪಾಲಾಗುವಾಗಲೆಲ್ಲ ಗುರುಗಳ ಮುಂದೆ ಬರುವ ಪ್ರಶ್ನೆಯಿದು.

ಎದೆ ಎಂದಾಗ ನಾವು ಮನಸ್ಸನ್ನು ಹೇಳುತ್ತೇವೆ. ಇಂದು ನಿಜವಾದ ಎದೆಯೊಳಗೇ ಇಣುಕೋಣ. ಹೃದಯಕ್ಕೆ ನಾಲ್ಕು ಕೋಣೆ, ನಾಲ್ಕು ಕವಾಟ. ಎಡಗಡೆಯ ಎರಡು ಕೋಣೆಗಳ ನಡುವಿನ ಕವಾಟಕ್ಕೆ ‘ಮೈಟ್ರಲ್’ ಎಂಬ ಹೆಸರು ಬಂದದ್ದು ಬಿಷಪರು ಧರಿಸುವ ‘ಮೈಟರ್’ ಕಿರೀಟದಿಂದ. 16ನೇ ಶತಮಾನದ ವೈದ್ಯ ವೆಸೇಲಿಯಸ್ ಈ ಹೋಲಿಕೆ ಕಂಡರು. (ನಮ್ಮ ಬಿಷಪರುಗಳಿಗೆ ಇದು ತಿಳಿದಿದೆಯೋ ಇಲ್ಲವೋ!) ಕವಾಟಕ್ಕೆ ಸ್ವಂತ ಬಲವಿಲ್ಲ. ರಕ್ತ ಮುಂದೊತ್ತಿದಾಗ ತೆರೆಯುತ್ತದೆ, ಹಿಂದೊತ್ತಿದಾಗ ಮುಚ್ಚಿಕೊಳ್ಳುತ್ತದೆ. ಎಸಳುಗಳು ಮಗುಚದಂತೆ ನೂಲಿನಂಥ ತಂತುಗಳು ಹಿಡಿದಿರುತ್ತವೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಇದೇ ಕೆಲಸ.

ಮುಚ್ಚಿದರೂ ಒಮ್ಮೊಮ್ಮೆ ತುಸು ರಕ್ತ ಹಿಂದಕ್ಕೆ ಸೋರುತ್ತದೆ. ಎಕೋ ಪರೀಕ್ಷೆ ಮಾಡಿದರೆ ಆರೋಗ್ಯವಂತರಲ್ಲೂ ಇದು ಕಾಣುವುದುಂಟು. ವೈದ್ಯರು ಅದನ್ನು ರೋಗವೆನ್ನುವುದಿಲ್ಲ. ನೆನಪು ಮರಳುವುದೂ ಹಾಗೆಯೇ. ಕ್ಷಮೆ ಸಂಕಲ್ಪಕ್ಕೆ ಸೇರಿದ್ದು, ಉರಿ ಭಾವಕ್ಕೆ ಸೇರಿದ್ದು. ಸಂತ ತೋಮಸ್ ಅಕ್ವಿನಾಸರು ಹೃದಯದ ಚಲನೆಯ ಬಗ್ಗೆಯೇ ಒಂದು ಕಿರುಗ್ರಂಥ ಬರೆದಿದ್ದಾರೆ. ಅದರ ಬಡಿತ ಸಹಜವಾದದ್ದು, ನಮ್ಮ ಇಚ್ಛೆಯಿಂದ ಬಂದದ್ದಲ್ಲ ಎಂಬುದು ಅವರ ವಾದ. ಎದೆ ಉರಿದುದಕ್ಕೆ ಪಾಪನಿವೇದನೆ ಬೇಕಿಲ್ಲ. ಆ ಉರಿಗೆ ಸೌದೆ ಒಟ್ಟಿದರೆ ಬೇರೆ ಮಾತು. ಎಷ್ಟು ಸಲ ಕ್ಷಮಿಸಬೇಕೆಂದು ಸಂತ ಪೇತ್ರರು ಲೆಕ್ಕ ಕೇಳಿದ್ದು ನಮಗೆ ಗೊತ್ತು (ಮತ್ತಾಯ 18). ಒಂದೇ ತಪ್ಪನ್ನು ಅದು ನೆನಪಾದಾಗಲೆಲ್ಲ ಮತ್ತೆ ಕ್ಷಮಿಸುವುದೂ ಆ ಲೆಕ್ಕಕ್ಕೆ ಸೇರುತ್ತದೆಂದು ನನ್ನ ಎಣಿಕೆ.

ರೋಗದ ಬಗೆಯೇ ಬೇರೆ. ಬಾಲ್ಯದ ಗಂಟಲುಬೇನೆಯ ರೋಗಾಣುವಿನ ಮೇಲೆ ದೇಹ ಎತ್ತಿದ ಆಯುಧ ಕೆಲವು ಮಕ್ಕಳಲ್ಲಿ ತನ್ನದೇ ಕವಾಟವನ್ನು ಗಾಯಗೊಳಿಸುತ್ತದೆ. ಇದು ರುಮ್ಯಾಟಿಕ್ ಜ್ವರ. ವರ್ಷಗಳು ಕಳೆದಂತೆ ಎಸಳುಗಳು ದಪ್ಪಗಾಗಿ, ಒಂದಕ್ಕೊಂದು ಬೆಸೆದು, ಕದ ತೆರೆಯದಾಗುತ್ತದೆ. ನಮ್ಮ ರಕ್ಷಣೆಗೆಂದೇ ಸಾಕಿಕೊಂಡ ಹಗೆ ಕೊನೆಗೆ ಯಾರನ್ನು ಕಚ್ಚುತ್ತದೆಂದು ಕೋರ್ಟು ಕಚೇರಿ ಅಲೆದ ಮನೆತನಗಳನ್ನು ಕೇಳಬೇಕು. ಚಾಮರಾಜಪೇಟೆಯ ಪಕ್ಕದ ವಿಕ್ಟೋರಿಯ ಆಸ್ಪತ್ರೆಯ ಆವರಣದಲ್ಲಿ ಹುಟ್ಟಿ, ಈಗ ಬನ್ನೇರುಘಟ್ಟ ರಸ್ತೆಯಲ್ಲಿರುವ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಇಂಥ ಕವಾಟವನ್ನು ಎದೆ ಸೀಳದೆಯೇ ಬಿಡಿಸುತ್ತಾರೆ: ತೊಡೆಯ ರಕ್ತನಾಳದಿಂದ ಪುಟ್ಟ ಬಲೂನನ್ನು ಹೃದಯದವರೆಗೆ ಸಾಗಿಸಿ, ಅಲ್ಲಿ ಉಬ್ಬಿಸುತ್ತಾರೆ.

ಜ್ವರ ಬಂದು ಹೋದ ಮಕ್ಕಳಿಗೆ ಅದು ಮರುಕಳಿಸದಂತೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಬೇಕು. ಪವಿತ್ರ ಹೃದಯದ ಭಕ್ತರು ಮೊದಲ ಶುಕ್ರವಾರದ ಬಲಿಪೂಜೆಗೆ ಬರುವಂತೆ, ತಪ್ಪದೆ, ಹಲವು ವರ್ಷ. ಈಗ ಹುಷಾರಾಗಿದ್ದೇನಲ್ಲ ಎಂದು ನಡುವೆ ಬಿಟ್ಟವರಲ್ಲಿ ಜ್ವರ ಮತ್ತೆ ಕಾಣಿಸಿಕೊಳ್ಳಬಹುದು.