ಯಾರ ಕೈ, ಯಾರ ಬಾಯಿ

‘ಕೈ ಕೆಸರಾದರೆ ಬಾಯಿ ಮೊಸರು.’ ಪರೀಕ್ಷೆಯಲ್ಲಿ ಈ ಗಾದೆ ಬಂದರೆ ನಮಗೆ ಹಬ್ಬ. ದುಡಿದವನಿಗೆ ಉಣ್ಣುವ ಸುಖ ಎಂದು ಅರ್ಧ ಪುಟ ಬರೆದರೆ ಮುಗಿಯಿತು. ಆದರೆ ಗಾದೆ ಎಲ್ಲಿ ಹಾಗಂದಿತು? ಕೈ ಯಾರದು, ಬಾಯಿ ಯಾರದು ಎಂಬುದನ್ನು ಅದು ಬಾಯಿ ಬಿಟ್ಟು ಹೇಳುವುದೇ ಇಲ್ಲ. ನಾಟಿ ಗದ್ದೆಯಲ್ಲಿ ಬಗ್ಗಿದವಳ ಕೈ ಕೆಸರಾಗಿ ಮೊಸರು ಧಣಿಯ ಬಾಯಿಗೆ ಬಿದ್ದದ್ದನ್ನು ಕಂಡಿದ್ದ ನಮ್ಮಜ್ಜಿ, ಈ ಗಾದೆ ಕೇಳಿದರೆ ಸುಮ್ಮನೆ ನಗುತ್ತಿದ್ದಳು.

ನನ್ನ ಅಕ್ಕನ ಮಗಳು ಬಿ.ಕಾಂ. ಮುಗಿಸಿ ಆಡಿಟರೊಬ್ಬರ ಆಫೀಸಿನಲ್ಲಿ ಟ್ಯಾಲಿ ಮುಂದೆ ಕೂತಿದ್ದಳು. ಆಗ ನಮ್ಮಮ್ಮ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ ಎಂದು ಡ್ರೆಸ್ಸಿಂಗಿಗೆ ಬರುತ್ತಿದ್ದ ಸಿಸ್ಟರ್ ಮನೆಮಂದಿಗೆಲ್ಲ ಹೇಳಿಕೊಟ್ಟರು. ಕಲಿತವಳು ಇವಳೊಬ್ಬಳೇ. ಎರಡು ತಿಂಗಳಾದ ಮೇಲೆ, “ಮಾಮ, ನಾನು ನರ್ಸಿಂಗ್ ಸೇರ್ತೀನಿ” ಅಂದಳು. ಅಕ್ಕ ಹಣೆ ಚಚ್ಚಿಕೊಂಡಳು. “ಡಿಗ್ರಿ ಓದಿಸಿದ್ದು ಕಂಡವರ ಬೆಡ್‌ಪ್ಯಾನ್ ಎತ್ತೋಕಾ?” ಗದ್ದೆಯ ಕೆಸರಿಗೆ ಕೈಮುಗಿಯುವ ನಮಗೆ ಮೈಯ ಕೆಸರು ಕಂಡರೆ ಹೇಸಿಗೆ.

ದಾರಿಯೂ ಸಲೀಸಲ್ಲ. ಬಿ.ಎಸ್ಸಿ. ನರ್ಸಿಂಗಿಗೆ ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು. ಕಾಮರ್ಸಿನವರಿಗೆ ಉಳಿಯುವುದು ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾ, ಬೇಕಿದ್ದರೆ ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಪದವಿ ಪಡೆದು ಮತ್ತೆ ಹದಿನೆಂಟರ ಹುಡುಗಿಯರ ಪಕ್ಕ ಬೆಂಚಿನಲ್ಲಿ ಕೂರುವುದಕ್ಕೆ ಗುಂಡಿಗೆ ಬೇಕು.

ಓದಿದ ಕಾಮರ್ಸ್ ದಂಡವಾಯಿತು ಎಂದು ಮರುಗಿದವರು ಫ್ಲಾರೆನ್ಸ್ ನೈಟಿಂಗೇಲರ ದೀಪವನ್ನು ಬಲ್ಲರೇ ಹೊರತು ಅವರ ಲೆಕ್ಕವನ್ನಲ್ಲ. ಕ್ರಿಮಿಯಾ ಯುದ್ಧದಲ್ಲಿ ಗಾಯಕ್ಕಿಂತ ರೋಗಕ್ಕೆ ಸತ್ತ ಸೈನಿಕರೇ ಹೆಚ್ಚೆಂದು ಆಕೆ 1858ರಲ್ಲಿ ಬಣ್ಣದ ನಕ್ಷೆ ಮಾಡಿ ತೋರಿಸಿದ್ದರು. ನಮ್ಮ ಹುಡುಗಿಗೂ ವಾರ್ಡಿನ ಇನ್‌ಟೇಕ್-ಔಟ್‌ಪುಟ್ ಚಾರ್ಟ್ ಕಂಡಾಗ ತವರಿನವರು ಸಿಕ್ಕಂತಾಯಿತಂತೆ. ಒಂದು ಕಡೆ ಒಳಹೋದದ್ದು: ಡ್ರಿಪ್, ನೀರು, ಗಂಜಿ ತಿಳಿ. ಇನ್ನೊಂದು ಕಡೆ ಹೊರಬಂದದ್ದು: ಮೂತ್ರ, ವಾಂತಿ, ಡ್ರೈನಿನಲ್ಲಿ ಇಳಿದದ್ದು. ಎಲ್ಲವೂ ಮಿ.ಲೀ. ಲೆಕ್ಕ, 24 ಗಂಟೆಗೊಮ್ಮೆ ಮೊತ್ತ. ಮೊದಲ ದಿನ ಎರಡೂ ಕಡೆ ತಾಳೆಯಾಗದೆ ಮೂರು ಸಲ ಕೂಡಿದಳಂತೆ. ಸೀನಿಯರ್ ಸಿಸ್ಟರ್ ನಕ್ಕು, “ಬೆವರು, ಉಸಿರಿನ ತೇವ ಯಾವ ಚೀಲಕ್ಕೂ ಬೀಳಲ್ಲ ಕಣೆ. ಇದು ಟ್ಯಾಲಿ ಆಗಲ್ಲ” ಅಂದರಂತೆ.

ಗಾದೆಯ ಮೂರನೆಯ ಅರ್ಥ ನನಗೆ ಹೊಳೆದದ್ದು ಇಲ್ಲಿ. ಈ ಕೆಲಸದಲ್ಲಿ ಕೆಸರಾಗುವ ಕೈ ಒಬ್ಬರದು, ಮೊಸರು ಉಣ್ಣಬೇಕಾದ ಬಾಯಿ ಇನ್ನೊಬ್ಬರದು, ಹಾಗಾಗಲೆಂದೇ ಕೈ ಕೆಸರಾಗುವುದು. ಹಾಗೆಂದು ಸಿಸ್ಟರಿಗೆ ಬಾಯಿಯೇ ಇಲ್ಲವೆ? ‘ಸೇವೆ’ ಎಂದು ಹೊಗಳಿ ಸಂಬಳ ಕಡಿಮೆ ಕೊಡುವವರು ಗಾದೆಯನ್ನು ಇನ್ನೂ ಆ ಧಣಿಯಂತೆಯೇ ಓದುತ್ತಿದ್ದಾರೆ.

ಮೊನ್ನೆ ಹೊಟ್ಟೆ ಆಪರೇಷನ್ ಆದ ಅಜ್ಜರೊಬ್ಬರಿಗೆ ನಾಲ್ಕು ದಿನದ ಮೇಲೆ ಬಾಯಿಗೆ ಕೊಡಬಹುದೆಂದು ಡಾಕ್ಟರ್ ಹೇಳಿದರಂತೆ. ಅಜ್ಜ ಕೇಳಿದ್ದು ಮೊಸರನ್ನ, ಸಿಕ್ಕಿದ್ದು ನೀರು ಮಜ್ಜಿಗೆ. ಇವಳು ಅವರ ಮೂತ್ರದ ಚೀಲ ಖಾಲಿ ಮಾಡಿ, ಕೈ ತೊಳೆದು ಬಂದು, ಚಮಚದಲ್ಲಿ ಕುಡಿಸಿದಳು. ಆಮೇಲೆ ಚಾರ್ಟಿನಲ್ಲಿ ಬರೆದಳು: ಮಜ್ಜಿಗೆ, 50 ಮಿ.ಲೀ.