ಬೆನ್ನೆಲುಬು ಅಂದುಬಿಟ್ಟರೆ ಸಾಕಾ?

ಅಮ್ಮನ ಅರವತ್ತನೇ ಹುಟ್ಟುಹಬ್ಬಕ್ಕೆ ವಾಟ್ಸಾಪ್ ಸ್ಟೇಟಸ್‌ನಲ್ಲಿ ‘ನಮ್ಮ ಮನೆಯ ಬೆನ್ನೆಲುಬು’ ಅಂತ ಹಾಕಿದ್ದೆ. ಎರಡೇ ತಿಂಗಳಿಗೆ ಅವಳು ಬಚ್ಚಲಲ್ಲಿ ಜಾರಿ, ಕೈ ಊರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ‘ಇಷ್ಟು ಸಣ್ಣ ಪೆಟ್ಟಿಗೆ ಮುರೀಬಾರದಿತ್ತು. ಮೂಳೆ ಸವೆದಿದೆ’ ಅಂದರು ಡಾಕ್ಟರು.

ಒಂದೇ ವಸ್ತುವಿಗೆ ನಮ್ಮಲ್ಲಿ ಎಷ್ಟು ಹೆಸರು ನೋಡಿ. ಮುರಿದಾಗ ಮೂಳೆ. ಹೊಗಳುವಾಗ ಬೆನ್ನೆಲುಬು. ಸಂಸ್ಕೃತದಲ್ಲಿ ಅಸ್ಥಿ ಅಂದರೂ ಬರೀ ಎಲುಬೇ. ಆದರೆ ನಮ್ಮ ಮನೆಯಲ್ಲಿ ಆ ಪದ ಬರೋದು ಮಡಕೆಯಲ್ಲಿಟ್ಟು ಶ್ರೀರಂಗಪಟ್ಟಣಕ್ಕೆ ಒಯ್ಯುವಾಗ. ಈ ಮೂರರಲ್ಲಿ ನನಗೀಗ ಅನುಮಾನ ಬಂದಿರೋದು ಹೊಗಳಿಕೆಯ ಪದದ ಮೇಲೆ. ‘ರೈತ ದೇಶದ ಬೆನ್ನೆಲುಬು’ ಅಂತ ಶಾಲೆಯ ಪ್ರಬಂಧದಲ್ಲಿ ಬರೆದು ಅಂಕ ತಗೊಂಡವರು ನಾವು. ಆಗ ನಮ್ಮ ತಲೆಯಲ್ಲಿದ್ದದ್ದು ಕಲ್ಲುಕಂಬ. ಒಮ್ಮೆ ನಿಲ್ಲಿಸಿದರೆ ಆಯ್ತು, ಎಷ್ಟು ಭಾರ ಬೇಕಾದರೂ ಹೇರಬಹುದು.

ಎಲುಬು ಕಂಬ ಅಲ್ಲ. ಗರ್ಭದಲ್ಲಿ ನಮ್ಮ ಹೆಚ್ಚಿನ ಎಲುಬುಗಳು ಮೊದಲು ಮೆತ್ತಗಿನ ಮೃದ್ವಸ್ಥಿ. ಎರಡನೇ ತಿಂಗಳ ಹೊತ್ತಿಗೆ ಅದರ ಜಾಗದಲ್ಲಿ ಕೊಲಾಜೆನ್ನಿನ ಹೆಣಿಗೆ, ಅದರೊಳಗೆ ಕ್ಯಾಲ್ಸಿಯಂ, ರಂಜಕ ಕೂತು ಗಟ್ಟಿಯಾಗೋದು ಶುರು. ಬೆಳೆದ ಮೇಲೂ ಕೆಲಸ ನಿಲ್ಲಲ್ಲ. ಒಂದು ಜಾತಿಯ ಜೀವಕೋಶ ಹಳೆಯದನ್ನು ಕರಗಿಸುತ್ತೆ, ಇನ್ನೊಂದು ಹೊಸದು ಕಟ್ಟುತ್ತೆ. ವರ್ಷಕ್ಕೆ ಅಸ್ಥಿಪಂಜರದ ಸುಮಾರು ಶೇ. 10ರಷ್ಟು ಹೀಗೆ ಹೊಸದಾಗುತ್ತೆ. ಹಾಲೂಡಿಸುವಾಗ ತಾಯಿಯ ಎಲುಬಿನ ಕ್ಯಾಲ್ಸಿಯಂ ಹಾಲಿಗೆ ಹೋಗುತ್ತೆ. ಹಾಲು ಬಿಡಿಸಿದ ಮೇಲೆ ಸಾಮಾನ್ಯವಾಗಿ ಮತ್ತೆ ತುಂಬಿಕೊಳ್ಳುತ್ತೆ. ಮುಟ್ಟು ನಿಂತ ಮೇಲೆ ಮಾತ್ರ ಈಸ್ಟ್ರೊಜೆನ್ ಇಳಿದು, ಕಟ್ಟೋದಕ್ಕಿಂತ ಕರಗೋದೇ ಜಾಸ್ತಿ.

ಹಾಗಾದರೆ ಭಾರ ಹೊರಲೇಬಾರದಾ? ಹೊರಬೇಕು. ಬೀಳುವ ಭಾರಕ್ಕೆ ತಕ್ಕಂತೆ ಎಲುಬು ತನ್ನನ್ನು ಕಟ್ಟಿಕೊಳ್ಳುತ್ತೆ ಅಂತ ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲೇ ಬರೆದ. ಕಷ್ಟ ಮನುಷ್ಯನನ್ನು ಗಟ್ಟಿ ಮಾಡುತ್ತೆ ಅನ್ನೋರಿಗೆ ಈ ಮಾತು ಹಿಡಿಸಬಹುದು. ಆದರೆ ಕಟ್ಟೋಕೆ ಸಾಮಾನು ಬೇಕು, ಬಿಡುವು ಬೇಕು. ಬಿಡುವಿಲ್ಲದೆ ಒಂದೇ ಕಡೆ ಭಾರ ಬೀಳ್ತಾ ಇದ್ದರೆ ಆರೋಗ್ಯವಂತ ಓಟಗಾರರ ಎಲುಬೂ ಸಣ್ಣಗೆ ಬಿರುಕು ಬಿಡುತ್ತೆ.

ಅಮ್ಮನಿಗೆ ನಾನು ಕೊಟ್ಟದ್ದು ಸಾಮಾನೂ ಅಲ್ಲ, ಬಿಡುವೂ ಅಲ್ಲ. ಒಂದು ಹೊಗಳಿಕೆ. ಅದನ್ನು ಕೊಟ್ಟ ಮೇಲೆ ನನ್ನ ಬಾಕಿ ತೀರಿತು ಅನ್ನೋ ಸಮಾಧಾನವೂ ನನ್ನದೇ. ಯಾರನ್ನಾದರೂ ಬೆನ್ನೆಲುಬು ಅನ್ನೋದು ಅವರಿಗೆ ಸಲ್ಲಿಸೋ ಗೌರವವಾ, ಇಲ್ಲಾ ಭಾರ ಇಳಿಸಲ್ಲ ಅಂತ ನಯವಾಗಿ ಹೇಳೋದಾ?

ಪ್ಲಾಸ್ಟರ್ ಇದ್ದ ಆರು ವಾರ ತಿಂಡಿ ನಾನೇ ಮಾಡಿದೆ. ಬಿಚ್ಚಿದ ಮಾರನೇ ದಿನ ಬೆಳಗ್ಗೆ ಆರಕ್ಕೆ ಅಡುಗೆಮನೆಯಲ್ಲಿ ಪಾತ್ರೆ ಸದ್ದಾಯ್ತು. ಸದ್ಯ, ಅಮ್ಮ ಎದ್ದಳು ಅಂದುಕೊಂಡು ಮಗ್ಗುಲು ಬದಲಿಸಿದೆ. ಆ ‘ಸದ್ಯ’ ಇನ್ನೂ ಚುಚ್ಚುತ್ತೆ. ಈಗ ಆರಕ್ಕೆ ಅಲಾರಂ ಇಡ್ತೀನಿ. ವಾರದಲ್ಲಿ ಎರಡು ದಿನ ಈಗಲೂ ಅಮ್ಮನೇ ಮೊದಲು ಏಳ್ತಾಳೆ.