ನೆನಪಿಲ್ಲದ ನೋವು

ಶಸ್ತ್ರಚಿಕಿತ್ಸೆಯ ಕಾಲದಲ್ಲಿ ರೋಗಿಗೆ ನೋವು ತಿಳಿಯದಂತೆ ಮಾಡುವ ವಿಧಾನಕ್ಕೆ ಕನ್ನಡದಲ್ಲಿ ‘ಅರಿವಳಿಕೆ’ ಎಂಬ ಪದವು ರೂಢಿಗೆ ಬಂದಿದೆ. ಪದವು ಅರ್ಥವತ್ತಾಗಿದೆ. ಅರಿವು ಅಳಿಯುವುದೇ ಅರಿವಳಿಕೆ. ಅರಿವನ್ನು ಗುರುಸ್ಥಾನದಲ್ಲಿರಿಸಿ ಸಾಧನೆಗೈಯುವ ಪರಂಪರೆಗೆ ಸೇರಿದ ನಮಗೆ ಈ ಪದವನ್ನು ಕೇಳಿದೊಡನೆ ಒಂದು ಜಿಜ್ಞಾಸೆ ಹುಟ್ಟುವುದು ಸಹಜ. ಅರಿವನ್ನು ಅಳಿಸುವುದು ದಯೆಯಾಗಬಲ್ಲುದೇ? ಆಗಬಲ್ಲುದಾದರೆ ಎಲ್ಲಿಯವರೆಗೆ? ಅರಿವಿನೊಡನೆ ನೋವೂ ಅಳಿಯಿತೆಂದು ನಾವು ಹೇಗೆ ಬಲ್ಲೆವು? ಇಂದು ನಮ್ಮ ಭಕ್ತರ ಮನೆಗಳಲ್ಲಿ ಒಬ್ಬರಾದರೂ ಶಸ್ತ್ರಚಿಕಿತ್ಸೆಗೆ ಒಳಗಾಗದ ಅಥವಾ ತೀವ್ರ ನಿಗಾ ಘಟಕದಲ್ಲಿ ಮಲಗದ ಮನೆ ವಿರಳ. ಆದ್ದರಿಂದ ಈ ಪ್ರಶ್ನೆ ಕೇವಲ ವೈದ್ಯರದಲ್ಲ, ನಮ್ಮೆಲ್ಲರದು.

ಮೊದಲು ಈ ವಿದ್ಯೆಯ ಉಪಕಾರವನ್ನು ಸ್ಮರಿಸುವುದು ಧರ್ಮ. 1846ನೆಯ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯನು ರೋಗಿಯೊಬ್ಬನಿಗೆ ಈಥರ್ ಆವಿಯನ್ನು ಸೇವನೆ ಮಾಡಿಸಿದನು. ಜಾನ್ ವಾರನ್ ಎಂಬ ಹಿರಿಯ ಶಸ್ತ್ರವೈದ್ಯನು ಆ ರೋಗಿಯ ಕತ್ತಿನ ಗಡ್ಡೆಗೆ ಶಸ್ತ್ರಕ್ರಿಯೆ ನಡೆಸಿದನು. ಅದಕ್ಕೆ ಹಿಂದೆ ರೋಗಿಯನ್ನು ಬಲಿಷ್ಠರಾದ ಆಳುಗಳು ಅದುಮಿ ಹಿಡಿಯುತ್ತಿದ್ದರು. ಎಷ್ಟು ಬೇಗ ಕತ್ತರಿಸಬಲ್ಲನೆಂಬುದೇ ಶಸ್ತ್ರವೈದ್ಯನ ಹಿರಿಮೆಯಾಗಿತ್ತು. ಮರುವರ್ಷ, 1847ರಲ್ಲಿ, ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ ಹೆರಿಗೆಯ ನೋವಿಗೆ ಕ್ಲೋರೋಫಾರ್ಮ್ ಬಳಸಿದನು. 1853ರಲ್ಲಿ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯೇ ತನ್ನ ಹೆರಿಗೆಯಲ್ಲಿ ಅದನ್ನು ಸ್ವೀಕರಿಸಿದಳು.

ನೋವು ಕರ್ಮಫಲವಲ್ಲವೇ, ಅದನ್ನು ಔಷಧಿಯಿಂದ ತಪ್ಪಿಸಿಕೊಳ್ಳುವುದು ಸರಿಯೇ ಎಂದು ಕೆಲವು ಭಕ್ತರು ನಮ್ಮನ್ನು ಕೇಳುವುದುಂಟು. ಕಾಲಿಗೆ ಚುಚ್ಚಿದ ಮುಳ್ಳನ್ನು ಕಿತ್ತವನು ಕರ್ಮಸಿದ್ಧಾಂತವನ್ನು ಮೀರಿದನೆಂದು ಯಾರೂ ಹೇಳರು. ಪರರ ನೋವನ್ನು ನೀಗಿಸುವ ಶಕ್ತಿ ಕೈಯಲ್ಲಿದ್ದೂ ಅವರ ಕರ್ಮವೆಂದು ಸುಮ್ಮನಿರುವುದು ಸಿದ್ಧಾಂತವಲ್ಲ, ನಿರ್ದಯೆ. ಈ ವಿಷಯದಲ್ಲಿ ಹೆಚ್ಚಿನ ಚರ್ಚೆ ಅನಾವಶ್ಯಕ. ನಿಜವಾದ ಸೂಕ್ಷ್ಮ ಬೇರೆಡೆ ಇದೆ.

ಈ ಮದ್ದುಗಳು ಮಿದುಳಿನಲ್ಲಿ ಮಾಡುವುದಾದರೂ ಏನು? ಅರಿವಳಿಕೆಯನ್ನು ನಿದ್ರೆಯೆಂದು ಕರೆಯುವುದು ವಾಡಿಕೆ. ರೋಗಿಯ ಭಯ ನಿವಾರಣೆಗೆ ವೈದ್ಯರೂ ಹಾಗೆಯೇ ಹೇಳುತ್ತಾರೆ. ಆದರೆ ನಿದ್ರಿಸುವವನನ್ನು ತಟ್ಟಿದರೆ ಏಳುತ್ತಾನೆ. ಅರಿವಳಿಕೆಯಲ್ಲಿರುವವನು ಶಸ್ತ್ರ ತಗುಲಿದರೂ ಏಳುವುದಿಲ್ಲ. ನಿದ್ರೆಯಲ್ಲಿ ಮಿದುಳು ಒಂದು ಹಂತದಿಂದ ಇನ್ನೊಂದಕ್ಕೆ ತಾನಾಗಿ ಸಾಗುತ್ತದೆ. ಅರಿವಳಿಕೆಯಲ್ಲಿ ಮದ್ದು ಹಿಡಿದಿಟ್ಟ ಸ್ಥಿತಿಯಲ್ಲಿ ನಿಂತಿರುತ್ತದೆ. ಪ್ರೊಪೊಫಾಲ್, ಸೆವೊಫ್ಲುರೇನ್ ಮೊದಲಾದ ಮದ್ದುಗಳು ನರಕೋಶಗಳ ಚಟುವಟಿಕೆಯನ್ನು ತಗ್ಗಿಸುವ ‘ಗಾಬಾ’ ಎಂಬ ಸಹಜ ರಾಸಾಯನಿಕದ ಪ್ರಭಾವವನ್ನು ಹೆಚ್ಚಿಸುತ್ತವೆ. ಆಗ ಮಿದುಳಿನ ಬೇರೆಬೇರೆ ಭಾಗಗಳ ನಡುವಣ ಸಂವಾದ ಕಡಿಯುತ್ತದೆ. ಕೆಟಮಿನ್ ಎಂಬ ಮದ್ದಿನ ದಾರಿಯೇ ಬೇರೆ. ಅದು ಕಣ್ಣು ತೆರೆದಿರುವಾಗಲೂ ಮನುಷ್ಯನನ್ನು ತನ್ನ ದೇಹದಿಂದ ಅಗಲಿಸಿದಂತೆ ಮಾಡಬಲ್ಲುದು. ಹೀಗಾಗಿ ಇದು ನಿದ್ರೆಯೂ ಅಲ್ಲ, ಮರಣವೂ ಅಲ್ಲ. ಮರಳಿ ಬರಲು ಸಾಧ್ಯವಾಗುವಂತೆ ಅಳೆದು ಉಂಟುಮಾಡಿದ ಗಾಢ ಮೂರ್ಛೆ.

ಈ ಕಾರ್ಯದಲ್ಲಿ ಮೂರು ಅಂಶಗಳು ಕೂಡಿವೆ ಎಂಬುದನ್ನು ವಾಚಕರು ಗಮನಿಸಬೇಕು. ನೋವನ್ನು ತಡೆಯುವುದು ಒಂದು. ಪ್ರಜ್ಞೆಯನ್ನೂ ನೆನಪನ್ನೂ ಮರೆಸುವುದು ಎರಡು. ದೇಹವನ್ನು ಅಲುಗದಂತೆ ಇರಿಸುವುದು ಮೂರು. ಇವು ಒಂದೇ ಅಲ್ಲ. ಬೇರೆಬೇರೆ ಮದ್ದುಗಳಿಂದ ಬೇರೆಬೇರೆಯಾಗಿ ಸಾಧಿಸಲ್ಪಡುತ್ತವೆ. 1942ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಎಂಬ ವೈದ್ಯನು ಸ್ನಾಯುಗಳನ್ನು ಸಡಿಲಿಸುವ ಕ್ಯುರಾರೆ ಎಂಬ ಮದ್ದನ್ನು ಶಸ್ತ್ರಚಿಕಿತ್ಸೆಯಲ್ಲಿ ಬಳಕೆಗೆ ತಂದನು. ಅದನ್ನು ಪಡೆದವನು ಕಲ್ಲಿನಂತೆ ನಿಶ್ಚಲನಾಗುತ್ತಾನೆ. ಅವನಿಗೆ ಪ್ರಜ್ಞೆ ಇರುವುದೋ ಇಲ್ಲವೋ ಎಂಬ ಸಂಶಯ ಹುಟ್ಟಿತು. ಅಮೆರಿಕದ ಸ್ಕಾಟ್ ಸ್ಮಿತ್ ಎಂಬ ವೈದ್ಯನು ಆ ಮದ್ದನ್ನು ತನ್ನ ಮೇಲೆಯೇ ಪ್ರಯೋಗಿಸಿಕೊಂಡನು. ಉಸಿರಾಡುವ ಶಕ್ತಿಯೂ ಉಡುಗಿ, ಇತರರು ಅವನಿಗೆ ಉಸಿರು ತುಂಬುತ್ತಿದ್ದರು. ಆದರೂ ಆತನಿಗೆ ಎಲ್ಲವೂ ಕೇಳುತ್ತಿತ್ತು, ಎಲ್ಲವೂ ತಿಳಿಯುತ್ತಿತ್ತು. 1947ರಲ್ಲಿ ಪ್ರಕಟವಾದ ಆ ವರದಿಯು ಒಂದು ಸತ್ಯವನ್ನು ಶಾಶ್ವತವಾಗಿ ಸ್ಥಾಪಿಸಿತು. ಅಲುಗದಿರುವುದು ನೋಯದಿರುವುದಕ್ಕೆ ಪ್ರಮಾಣವಲ್ಲ.

ಈ ಸತ್ಯ ತಿಳಿದ ಮೇಲೂ ಮಾನವಕುಲವು ಅದನ್ನು ಅತ್ಯಂತ ದುರ್ಬಲರ ವಿಷಯದಲ್ಲಿ ಮರೆಯಿತು. ಹಸುಗೂಸುಗಳ ನರಮಂಡಲ ಇನ್ನೂ ಬಲಿತಿರುವುದಿಲ್ಲ, ಅವಕ್ಕೆ ನೋವು ತಿಳಿಯದು, ತಿಳಿದರೂ ನೆನಪಿರದು ಎಂಬ ನಂಬಿಕೆ ವೈದ್ಯಲೋಕದಲ್ಲಿ ಬಹುಕಾಲ ಇತ್ತು. ನೋವಿನ ಮದ್ದಿನ ಭಾರವನ್ನು ಆ ಪುಟ್ಟ ದೇಹ ತಾಳದೆಂಬ ಭಯವೂ ಇತ್ತು. ಆದ್ದರಿಂದ 1980ರ ದಶಕದವರೆಗೂ ಮುಂದುವರಿದ ದೇಶಗಳಲ್ಲಿಯೇ ಅನೇಕ ನವಜಾತ ಶಿಶುಗಳಿಗೆ ಸ್ನಾಯು ಸಡಿಲಿಸುವ ಮದ್ದನ್ನೂ ಅತ್ಯಲ್ಪ ಅರಿವಳಿಕೆಯನ್ನೂ ಮಾತ್ರ ಕೊಟ್ಟು ಶಸ್ತ್ರಕ್ರಿಯೆ ನಡೆಸುವುದು ರೂಢಿಯಲ್ಲಿತ್ತು. ಭಾರತೀಯ ಮೂಲದ ಡಾ. ಕನ್ವಲ್‌ಜೀತ್ ಆನಂದ್ ಅವರು ಇಂಗ್ಲೆಂಡಿನಲ್ಲಿ ಸಹೋದ್ಯೋಗಿಗಳೊಡನೆ ನಡೆಸಿದ ಅಧ್ಯಯನ 1987ರಲ್ಲಿ ಪ್ರಕಟವಾಯಿತು. ಹೃದಯದ ಬಳಿಯ ರಕ್ತನಾಳಕ್ಕೆ ಶಸ್ತ್ರಕ್ರಿಯೆ ಬೇಕಾಗಿದ್ದ, ಅವಧಿಗೆ ಮುನ್ನ ಜನಿಸಿದ 16 ಶಿಶುಗಳಲ್ಲಿ 8 ಶಿಶುಗಳಿಗೆ ಅಂದಿನ ರೂಢಿಯ ಮದ್ದುಗಳನ್ನು ಮಾತ್ರ ಕೊಡಲಾಗಿತ್ತು. ಉಳಿದ 8 ಶಿಶುಗಳಿಗೆ ಅವುಗಳ ಜೊತೆಗೆ ಫೆಂಟನಿಲ್ ಎಂಬ ಪ್ರಬಲ ನೋವುನಿವಾರಕವನ್ನೂ ಕೊಡಲಾಗಿತ್ತು. ಫೆಂಟನಿಲ್ ಪಡೆಯದ ಶಿಶುಗಳ ದೇಹದಲ್ಲಿ ಒತ್ತಡದ ರಸಗಳು ಉಕ್ಕಿದ್ದವು; ಶಸ್ತ್ರಕ್ರಿಯೆಯ ಬಳಿಕ ರಕ್ತಚಲನೆಯ ತೊಡಕುಗಳು ಅವರಲ್ಲೇ ಹೆಚ್ಚಾಗಿ ಕಂಡವು. ಅದೇ ವರ್ಷ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ನವಜಾತರಿಗೂ ಯುಕ್ತ ಅರಿವಳಿಕೆ ಕೊಡಬೇಕೆಂದು ಘೋಷಿಸಿತು. ಮಾತನಾಡಲಾರದ ಜೀವದ ನೋವನ್ನು ಅದರ ರಕ್ತವೇ ಸಾಕ್ಷಿ ನುಡಿದಿತ್ತು.

‘ನೆನಪಿರದು, ಆದ್ದರಿಂದ ಬಾಧಕವಿಲ್ಲ’ ಎಂಬ ವಾದವನ್ನು ಇಲ್ಲಿ ಸ್ವಲ್ಪ ವಿಮರ್ಶಿಸಬೇಕು. ಗಾಢನಿದ್ರೆಯಿಂದ ಎದ್ದವನು ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ ಎನ್ನುತ್ತಾನೆ. ವೇದಾಂತಿಗಳು ಈ ಮಾತನ್ನು ಸ್ಮರಣೆಯೆಂದು ಪರಿಗಣಿಸಿ, ಸುಷುಪ್ತಿಯಲ್ಲಿಯೂ ಸಾಕ್ಷಿರೂಪವಾದ ಅರಿವು ಇದ್ದೇ ಇತ್ತೆಂದು ಸಾಧಿಸಿದರು. ನೈಯಾಯಿಕರು ಇದನ್ನು ಒಪ್ಪದೆ, ಇದು ಸ್ಮರಣೆಯಲ್ಲ, ಎದ್ದ ಮೇಲೆ ಮಾಡಿಕೊಂಡ ಅನುಮಾನ ಎಂದರು. ಆ ವಿವಾದವನ್ನು ಇಲ್ಲಿ ಬಗೆಹರಿಸಬೇಕಾಗಿಲ್ಲ. ಸ್ಮರಣೆ ಇದ್ದರೆ ಪೂರ್ವದಲ್ಲಿ ಅನುಭವ ಇದ್ದಿರಲೇಬೇಕು ಎಂಬುದರಲ್ಲಿ ಇಬ್ಬರಿಗೂ ಭೇದವಿಲ್ಲ. ಆದರೆ ಸ್ಮರಣೆ ಇಲ್ಲವೆಂದ ಮಾತ್ರಕ್ಕೆ ಅನುಭವವೇ ಇರಲಿಲ್ಲವೆಂದು ಸಾಧಿಸಲು ಬಾರದು. ಹೊಲದ ದಾರಿಯಲ್ಲಿ ನಡೆಯುವಾಗ ಕಾಲಿಗೆ ತಗುಲಿದ ಪ್ರತಿಯೊಂದು ಹುಲ್ಲೆಸಳೂ ನೆನಪಿನಲ್ಲಿ ಉಳಿಯುವುದಿಲ್ಲ, ತಗುಲಿದ್ದು ಸುಳ್ಳಲ್ಲ.

ಇದು ತರ್ಕವಿನೋದ ಮಾತ್ರವಲ್ಲ. ಮಿಡಜೋಲಮ್‌ನಂತಹ ಶಾಮಕಗಳು ಮಂಪರು ತರುವುದರೊಡನೆ ನೆನಪು ಕೂಡಿಡುವ ಶಕ್ತಿಯನ್ನೂ ತಡೆಯುತ್ತವೆ. ನೋವನ್ನು ತಡೆಯುವ ಗುಣ ಅವುಗಳಲ್ಲಿ ಇಲ್ಲವೆಂದೇ ಹೇಳಬಹುದು. ರೋಗಿಯ ತೋಳಿಗೆ ಪಟ್ಟಿ ಬಿಗಿದು, ಸ್ನಾಯು ಸಡಿಲಿಸುವ ಮದ್ದು ಆ ಒಂದು ಕೈಗೆ ತಲುಪದಂತೆ ಮಾಡಿ, ಅರಿವಳಿಕೆಯ ನಡುವೆ ‘ಕೇಳಿಸಿದರೆ ಕೈ ಹಿಸುಕಿ’ ಎಂದು ಹೇಳಿ ಪರೀಕ್ಷಿಸುವ ಒಂದು ಕ್ರಮವಿದೆ. 1977ರಲ್ಲಿ ಟನ್‌ಸ್ಟಾಲ್ ಎಂಬ ವೈದ್ಯನು ಇದನ್ನು ವರ್ಣಿಸಿದನು. 2017ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ಶ್ವಾಸನಾಳಕ್ಕೆ ಕೊಳವೆ ಇಳಿಸಿದ ಬಳಿಕ ಹೀಗೆ ಪರೀಕ್ಷಿಸಿದ 260 ರೋಗಿಗಳಲ್ಲಿ 12 ಮಂದಿ ಕೈ ಹಿಸುಕಿ ಉತ್ತರಿಸಿದರು. ಎಚ್ಚರವಾದ ಮೇಲೆ ತಾವಾಗಿಯೇ ‘ನನಗೆ ಅರಿವಿತ್ತು’ ಎಂದು ಹೇಳುವವರಾದರೋ ಬಹು ವಿರಳ. ಬ್ರಿಟನ್ನಿನಲ್ಲಿ 2014ರಲ್ಲಿ ಪ್ರಕಟವಾದ ರಾಷ್ಟ್ರೀಯ ಪರಿಶೀಲನೆಯ ಪ್ರಕಾರ ಸುಮಾರು 19,000 ಅರಿವಳಿಕೆಗಳಿಗೆ ಒಬ್ಬರು. ಭಕ್ತರು ಇದನ್ನು ಓದಿ ಶಸ್ತ್ರಚಿಕಿತ್ಸೆಗೆ ಅಂಜಬೇಕಾಗಿಲ್ಲ. ಆ ಸ್ಪಂದನ ಕ್ಷಣಿಕವಾದುದು. ನಿಪುಣರಾದ ತಜ್ಞರು ಮದ್ದನ್ನು ಸರಿದೂಗಿಸುತ್ತಾರೆ, ನೋವುನಿವಾರಕಗಳನ್ನು ಬೇರೆಯಾಗಿಯೇ ಕೊಡುತ್ತಾರೆ. ಆದರೆ ಎರಡು ಸಂಖ್ಯೆಗಳ ನಡುವಿನ ಅಂತರವು ಚಿಂತನೀಯವಾಗಿದೆ. ಸ್ಪಂದಿಸಿದವರು ಬಹಳ, ನೆನೆದವರು ವಿರಳ. ಮರೆವು ಬೇರೆ, ಶಮನ ಬೇರೆ.

ಇನ್ನು ತೀವ್ರ ನಿಗಾ ಘಟಕದ ವಿಚಾರ. ಕೃತಕ ಉಸಿರಾಟದ ಯಂತ್ರಕ್ಕೆ ಜೋಡಿಸಲ್ಪಟ್ಟ ರೋಗಿಯನ್ನು ದಿನಗಟ್ಟಲೆ ಗಾಢ ಮಂಪರಿನಲ್ಲಿ ಇರಿಸುವುದೇ ಕರುಣೆಯೆಂದು ಬಹುಕಾಲ ಭಾವಿಸಲಾಗಿತ್ತು. 2000ದಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಜಾನ್ ಕ್ರೆಸ್ ಮತ್ತು ಸಂಗಡಿಗರು 128 ರೋಗಿಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ಒಂದು ಗುಂಪಿನವರಿಗೆ ದಿನಕ್ಕೊಮ್ಮೆ ಮಂಪರಿನ ಮದ್ದನ್ನು ನಿಲ್ಲಿಸಿ, ಎಚ್ಚರಗೊಳ್ಳಲು ಅವಕಾಶ ಕೊಟ್ಟು, ಬೇಕಾದರೆ ಮತ್ತೆ ಆರಂಭಿಸಲಾಗುತ್ತಿತ್ತು. ಯಂತ್ರದ ಮೇಲಿದ್ದ ಕಾಲದ ಮಧ್ಯಾಂಕವು ಉಳಿದವರಲ್ಲಿ 7.3 ದಿನ, ಹೀಗೆ ಎಚ್ಚರಗೊಳಿಸಿದವರಲ್ಲಿ 4.9 ದಿನ. 2006ರಲ್ಲಿ ಬಂದ ಇನ್ನೊಂದು ಅಧ್ಯಯನವು ಲೊರಜೆಪಾಮ್ ಎಂಬ ಶಾಮಕವು ಇಂತಹ ರೋಗಿಗಳಲ್ಲಿ ಸನ್ನಿಯ ಸಂಭವವನ್ನು ಹೆಚ್ಚಿಸುವುದೆಂದು ತೋರಿಸಿತು. ಹಾಗೆಂದು ಮಂಪರಿನ ಮದ್ದೇ ಬೇಡವೆಂಬ ಇನ್ನೊಂದು ಅತಿಗೆ ಹೋಗುವುದೂ ಸಲ್ಲದು. 710 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಂಪರಿನ ಮದ್ದನ್ನು ಕೊಡದಿರುವ ಕ್ರಮವೂ ದಿನಕ್ಕೊಮ್ಮೆ ಎಚ್ಚರಗೊಳಿಸುತ್ತ ಹಗುರವಾದ ಮಂಪರಿನಲ್ಲಿ ಇರಿಸುವ ಕ್ರಮವೂ ಸಾವಿನ ಪ್ರಮಾಣದಲ್ಲಿ ಖಚಿತವಾದ ಅಂತರ ತೋರಲಿಲ್ಲ. ಮೊದಲು ನೋವಿಗೆ ಮದ್ದು, ಆಮೇಲೆ ಅಗತ್ಯವಿದ್ದಷ್ಟೇ ಮಂಪರು ಎಂಬುದು ಈಗ ತಜ್ಞರು ಒಪ್ಪಿರುವ ಹದ.

ವೃದ್ಧರ ವಿಷಯದಲ್ಲಿ ಇನ್ನೊಂದು ಮಾತು. ಶಸ್ತ್ರಚಿಕಿತ್ಸೆಯ ಬಳಿಕ ಅಜ್ಜನವರಿಗೆ ಮರೆವು ಬಂದಿತು, ಮಾತು ತಪ್ಪಿತು ಎಂಬ ದೂರು ಮನೆಮನೆಯಲ್ಲಿ ಕೇಳಿಬರುತ್ತದೆ. 1998ರಲ್ಲಿ ಪ್ರಕಟವಾದ, 60 ವರ್ಷ ಮೀರಿದ 1,218 ರೋಗಿಗಳ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಒಂದು ವಾರದ ಬಳಿಕ ಸುಮಾರು ನಾಲ್ವರಲ್ಲಿ ಒಬ್ಬರಿಗೆ, ಮೂರು ತಿಂಗಳ ಬಳಿಕ ಹತ್ತರಲ್ಲಿ ಒಬ್ಬರಿಗೆ ಬುದ್ಧಿಶಕ್ತಿಯ ಕುಂದು ಕಂಡಿತ್ತು. ಇದಕ್ಕೆ ಅರಿವಳಿಕೆಯೊಂದೇ ಕಾರಣವೆಂದು ದೂಷಿಸುವುದು ಸರಿಯಲ್ಲ. ಸೊಂಟದ ಮೂಳೆ ಮುರಿದ 1,600 ಮಂದಿಯಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೆನ್ನಿಗೆ ಚುಚ್ಚುಮದ್ದು ಪಡೆದವರಲ್ಲಿಯೂ ಪೂರ್ಣ ಅರಿವಳಿಕೆ ಪಡೆದವರಲ್ಲಿಯೂ ಸನ್ನಿಯ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. ಗಾಯ, ಉರಿಯೂತ, ನಿದ್ರಾಭಂಗ, ಅಪರಿಚಿತ ಸ್ಥಳ, ಇವೆಲ್ಲವೂ ಮುಪ್ಪಿನ ಮಿದುಳನ್ನು ಅಲುಗಿಸುತ್ತವೆ.

ಇದಕ್ಕೆ ಮದ್ದೇನು? 1999ರಲ್ಲಿ ಅಮೆರಿಕದ ಶರಾನ್ ಇನೌಯೆ ಎಂಬ ವೈದ್ಯೆಯೂ ಸಂಗಡಿಗರೂ ಆಸ್ಪತ್ರೆಗೆ ಸೇರಿದ 852 ವೃದ್ಧರ ಅಧ್ಯಯನವನ್ನು ಪ್ರಕಟಿಸಿದರು. ಇವರು ಶಸ್ತ್ರಚಿಕಿತ್ಸೆಗಾಗಿ ಬಂದವರಲ್ಲ, ಕಾಯಿಲೆಯಿಂದ ಸೇರಿದವರು. ಆದರೆ ಅಲ್ಲಿ ದೊರೆತ ಪಾಠ ಎಲ್ಲ ವೃದ್ಧರಿಗೂ ಅನ್ವಯಿಸುವಂತಹುದು. ಕನ್ನಡಕ ಮತ್ತು ಕಿವಿಯ ಯಂತ್ರ ಕೈಗೆ ಸಿಗುವಂತೆ ಇಡುವುದು, ಇಂದು ಯಾವ ವಾರ, ಇದು ಯಾವ ಸ್ಥಳ ಎಂದು ಆಗಾಗ ತಿಳಿಸುವುದು, ನೀರು ಕುಡಿಸುವುದು, ಎಬ್ಬಿಸಿ ನಡೆಸುವುದು, ನಿದ್ರೆಯ ಗುಳಿಗೆಗೆ ಬದಲಾಗಿ ಬಿಸಿ ಪಾನೀಯ ಕೊಟ್ಟು ಬೆನ್ನು ನೀವುವುದು, ಇಂತಹ ಶುಶ್ರೂಷೆಯಿಂದ ಸನ್ನಿಗೆ ಒಳಗಾದವರ ಪ್ರಮಾಣ ನೂರಕ್ಕೆ 15ರಿಂದ 9.9ಕ್ಕೆ ಇಳಿಯಿತು. ಇದರಲ್ಲಿ ಬಹುಪಾಲು ಕಾರ್ಯ ಯಾವ ಮನೆಯವರೂ ಮಾಡಬಹುದಾದದ್ದು.

ಇಷ್ಟೆಲ್ಲ ಹೇಳಿದುದರ ತಾತ್ಪರ್ಯವನ್ನು ಸಂಗ್ರಹಿಸೋಣ. ನರಳುವವನನ್ನು ನೋಡುವುದು ನೋಡುವವರಿಗೂ ಹಿಂಸೆ. ‘ಡಾಕ್ಟರೇ, ಹೇಗಾದರೂ ಮಾಡಿ ಮಲಗಿಸಿಬಿಡಿ’ ಎಂದು ಬಂಧುಗಳು ಬೇಡುವಾಗ ಅವರ ಮನಸ್ಸಿನಲ್ಲಿ ಪ್ರೀತಿಯೇ ಇರುತ್ತದೆ. ಆದರೆ ಆ ಬೇಡಿಕೆಯಲ್ಲಿ ನಮ್ಮ ಸಂಕಟದಿಂದ ನಾವು ಪಾರಾಗಬೇಕೆಂಬ ಆಸೆಯೂ ಬೆರೆತಿರುತ್ತದೆ. ರೋಗಿಯ ಕೂಗು ನಿಂತರೆ ನಮ್ಮ ಕಿವಿಗೆ ನೆಮ್ಮದಿ. ಅವನ ಒಳಗೆ ನೆಮ್ಮದಿ ಆಯಿತೇ ಎಂಬುದು ಬೇರೆ ಪ್ರಶ್ನೆ. ಮನೆಯಲ್ಲಿ ರಾತ್ರಿಯೆಲ್ಲ ಕನವರಿಸುವ ಮುಪ್ಪಿನ ತಾಯಿಗೆ ನಿದ್ರೆಯ ಗುಳಿಗೆ ನುಂಗಿಸುವ ಮುನ್ನವೂ ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಆಕೆಗೆ ನೋವಿದೆಯೇ? ಹಸಿವೆಯೇ? ಮೂತ್ರಬಾಧೆಯೇ? ಒಂಟಿತನವೇ? ಕಾರಣವನ್ನು ಕೇಳದೆ ಬಾಯಿ ಮುಚ್ಚಿಸುವುದು ಉಪಚಾರವಲ್ಲ.

ಇದಕ್ಕೆ ಅಪವಾದವೂ ಉಂಟು. ಮರಣಾಸನ್ನನಾದ ರೋಗಿಯ ನೋವು, ಏದುಸಿರು ಬೇರಾವ ಉಪಾಯಕ್ಕೂ ಬಗ್ಗದಿದ್ದಾಗ, ಆತನ ಒಪ್ಪಿಗೆಯಿಂದ, ಆತನು ಹೇಳಲಾರದಿದ್ದರೆ ಆತನ ಇಚ್ಛೆಯನ್ನು ಬಲ್ಲವರ ಸಮ್ಮತಿಯಿಂದ, ಅರಿವನ್ನು ಮಸುಕುಗೊಳಿಸುವುದು ಧರ್ಮವೇ ಆಗಿದೆ. ಅಲ್ಲಿ ಮದ್ದು ಕೊಡುವುದು ನೋಯುವವನಿಗಾಗಿ, ನೋಡುವವರಿಗಾಗಿ ಅಲ್ಲ. ಈ ವ್ಯತ್ಯಾಸವೇ ಸಮಸ್ತ ವಿಚಾರದ ಸಾರ.

ಅರಿವಳಿಕೆಗೆ ಒಳಗಾದವನು ತನ್ನ ಉಸಿರನ್ನೂ ಮಾನವನ್ನೂ ಪರರ ಕೈಗೆ ಒಪ್ಪಿಸಿ ಮಲಗಿರುತ್ತಾನೆ. ಅವನು ಕಾಣಲಾರ, ಕೇಳಲಾರ, ನಾಳೆ ದೂರಲಾರ. ಯಾರೂ ನೋಡದಾಗಲೂ ಕಾಯಕದಲ್ಲಿ ಲೋಪ ಬಾರದಂತೆ ನಡೆಯಬೇಕೆಂಬ ಮಾತಿಗೆ ಶಸ್ತ್ರಚಿಕಿತ್ಸೆಯ ಕೊಠಡಿಗಿಂತ ಕಠಿಣವಾದ ಪರೀಕ್ಷೆ ಇಲ್ಲ. ಅಲ್ಲಿ ಅನ್ಯರ ಉಸಿರನ್ನು ಗಳಿಗೆಗಳಿಗೆಗೂ ಕಾಯುವ ತಜ್ಞರು ನಮಸ್ಕಾರಕ್ಕೆ ಅರ್ಹರು. ನಮ್ಮ ಪಾಲಿನ ಕರ್ತವ್ಯವೂ ಸಣ್ಣದಲ್ಲ. ಸೇವಿಸುವ ಔಷಧಿಗಳನ್ನೂ, ಮದ್ಯದ ಚಟವಿದ್ದರೆ ಅದನ್ನೂ ತಜ್ಞರಿಂದ ಮರೆಮಾಚದೆ ತಿಳಿಸಬೇಕು. ಎಚ್ಚರವಾಗುವ ಹೊತ್ತಿಗೆ ಹಾಸಿಗೆಯ ಬಳಿ ಇದ್ದು, ಕೈ ಹಿಡಿದು, ಅವರ ಹೆಸರಿನಿಂದ ಕರೆದು ಮಾತನಾಡಿಸಬೇಕು. ಹೇಳಿಕೊಳ್ಳಲಾರದವರ ನೋವೂ, ನೆನಪಿನಲ್ಲಿ ಉಳಿಯದವರ ನೋವೂ ನೋವೇ ಎಂಬ ವಿವೇಕವು ಸದ್ಭಕ್ತರೆಲ್ಲರಲ್ಲಿ ಮೂಡಲಿ.